ವಿಂಗಡಿಸಬೇಕಾದದ್ದು ಕೃತಿಗಳನ್ನು, ಪ್ರೇಕ್ಷಕರನ್ನಲ್ಲ

ಪುಸ್ತಕ, ಸಿನಿಮಾಗಳಿಗೆ ಅಂಟಿಸುವ ಥ್ರಿಲ್ಲರ್, ಹಾರರ್, ಪ್ರೇಮಕಥೆ ಎಂಬ ಹಣೆಪಟ್ಟಿಗಳು ಬರೀ ಮಾರಾಟದ ತಂತ್ರ, ಅವನ್ನು ಕೈಬಿಡಬೇಕು ಎಂದು ಲೇಖಕರೊಬ್ಬರು ತಮ್ಮ ಲೇಖನದಲ್ಲಿ ವಾದಿಸಿದ್ದಾರೆ. ಅದನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಪತ್ತೇದಾರಿ ಕಾದಂಬರಿಯೆಂದು ತಿಳಿದು ಪುಸ್ತಕ ತೆರೆದ ಓದುಗ ಮೊದಲ ಪುಟದಿಂದಲೇ ಪ್ರತಿ ವಿವರವನ್ನೂ ಸುಳಿವೆಂದು ನೋಡತೊಡಗುತ್ತಾನೆ. ಒಳ್ಳೆಯ ಬರಹಗಾರ ಆ ನಿರೀಕ್ಷೆಯನ್ನೇ ಬಳಸಿಕೊಂಡು ಕಥೆ ಕಟ್ಟುತ್ತಾನೆ.

ನಮ್ಮ ಮೈಸೂರಿನ ಚಿತ್ರಮಂದಿರಗಳ ಮುಂದೆ ಹೆಚ್ಚಾಗಿ ಕೇಳಿಬರುವುದು ‘ಮಾಸ್’, ‘ಕ್ಲಾಸ್’ ಎಂಬ ವಿಂಗಡಣೆ. ಅದು ಚಿತ್ರದ ಬಗ್ಗೆ ಏನನ್ನೂ ತಿಳಿಸದೆ, ನೋಡುವವರಲ್ಲಿ ಮೇಲು ಕೀಳುಗಳನ್ನಷ್ಟೇ ಹುಟ್ಟಿಸುತ್ತದೆ. ಕೈಬಿಡುವುದಾದರೆ ಮೊದಲು ಇದನ್ನು ಬಿಡೋಣ.

ಹಳೆಗನ್ನಡ, ನಡುಗನ್ನಡ ಕಾವ್ಯಗಳನ್ನು ಚಂಪೂ, ರಗಳೆ, ಷಟ್ಪದಿ, ಸಾಂಗತ್ಯ ಎಂದು, ಥ್ರಿಲ್ಲರ್, ಹಾರರ್‌ಗಳಂತೆ ಕಥಾವಸ್ತುವಿನಿಂದಲ್ಲದೆ, ಬಹುಮಟ್ಟಿಗೆ ಛಂದಸ್ಸು ಮೊದಲಾದ ರೂಪದ ಆಧಾರದ ಮೇಲೆ ಗುರುತಿಸಲಾಗಿದೆ. ಆದ್ದರಿಂದಲೇ ಕುಮಾರವ್ಯಾಸನ ಭಾರತದಲ್ಲಿ ಭಾಮಿನಿ ಷಟ್ಪದಿಯೆಂಬ ಒಂದೇ ಛಂದಸ್ಸಿನಲ್ಲಿ ಉತ್ತರಕುಮಾರನ ಬಡಾಯಿ, ದ್ರೌಪದಿಯ ಸಂಕಟ, ಕೃಷ್ಣಭಕ್ತಿ, ಕುರುಕ್ಷೇತ್ರದ ಘೋರ ಯುದ್ಧ ಎಲ್ಲವೂ ನೆಲೆಸಿರುವುದು ನಮಗೆ ಅಸಹಜವೆನಿಸುವುದಿಲ್ಲ. ಕರ್ನಾಟಕ ಸಂಗೀತದ ವರ್ಣ, ಕೃತಿ, ಜಾವಳಿ, ತಿಲ್ಲಾನಗಳಲ್ಲೂ ರಚನೆಯ ಬಗೆಯೇ ಮುಖ್ಯ. ವಿಡಿಯೋ ಗೇಮ್‌ಗಳು, ಅಚ್ಚರಿಯೆಂಬಂತೆ, ಈ ಕ್ರಮಕ್ಕೇ ಹತ್ತಿರವಾಗಿವೆ: ಪಝಲ್, ಶೂಟರ್ ಎನ್ನುವಾಗ ನಾವು ಹೇಳುವುದು ಆಡುವ ಬಗೆಯನ್ನೇ ಹೊರತು ಕಥಾವಸ್ತುವನ್ನಲ್ಲ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿ ವಿಜ್ಞಾನ, ಸಾಹಸ, ಮಲೆನಾಡಿನ ಬದುಕು ಮೂರನ್ನೂ ಹಾರುವ ಓತಿಯ ಹುಡುಕಾಟದಲ್ಲಿ ಬೆಸೆಯುತ್ತದೆ. ಅದನ್ನು ಯಾವುದೇ ಒಂದು ಪ್ರಕಾರಕ್ಕೆ ಸೇರಿಸಲು ಹೊರಟರೆ ಉಳಿದೆರಡು ಮರೆಯಾಗುತ್ತವೆ ಎಂಬುದು ನಿಜ. ಆದರೆ ಆ ಬೆಸುಗೆಯ ಸೊಗಸನ್ನು ವಿವರಿಸಲು ಕೂಡ ಅದೇ ಪ್ರಕಾರಗಳ ಹೆಸರು ಬೇಕಾಗುತ್ತದೆ.