ಪ್ರತಿ ಫೈಲಿಗೂ ಚೆಕ್‌ಸಮ್ ಬೇಕೇ?

ಪರ: ಯಾವ ಪ್ರತಿ ಸರಿ ಎಂದು ಹೇಳುವವರು ಬೇಕು

ಫೈಲಿನ ಎಲ್ಲ ಬೈಟುಗಳಿಂದ ಲೆಕ್ಕ ಹಾಕಿ ತೆಗೆಯುವ ಚಿಕ್ಕ ಗುರುತು-ಸಂಖ್ಯೆಯೇ ಚೆಕ್‌ಸಮ್; ಫೈಲು ಬದಲಾಗಿದ್ದರೆ ಮತ್ತೆ ಲೆಕ್ಕ ಹಾಕಿದಾಗ ಅದು ತಾಳೆಯಾಗುವುದಿಲ್ಲ. ಫೈಲು ಕೆಟ್ಟಿತೆಂದರೆ ತೆರೆಯುವುದಿಲ್ಲ ಎಂದೇ ಹೆಚ್ಚಿನವರ ನಂಬಿಕೆ. ತೆರೆಯದ ಫೈಲಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ, ಅದು ಕೆಟ್ಟಿದ್ದು ಆಗಲೇ ಗೊತ್ತಾಗಿಬಿಡುತ್ತದೆ. ಸಲೀಸಾಗಿ ತೆರೆದುಕೊಂಡು ತಪ್ಪು ಅಂಕಿ ತೋರಿಸುವ ಫೈಲು ಇದೆಯಲ್ಲ, ಭಯ ಅದರದ್ದು. ಸಾದಾ ಪಠ್ಯದ ಫೈಲಿನಲ್ಲಿ 1ಕ್ಕೂ 9ಕ್ಕೂ ಇರುವ ವ್ಯತ್ಯಾಸ ಒಂದೇ ಬಿಟ್, ಅಂದರೆ ಒಂದು ಸೊನ್ನೆ ಒಂದಾದಷ್ಟು. 0 ಮತ್ತು 8ರ ನಡುವೆಯೂ ಅಷ್ಟೇ. ಅಕ್ಷರಗಳನ್ನು ಬೈಟುಗಳಾಗಿ (ಎಂಟೆಂಟು ಬಿಟ್‌ಗಳ ಗುಂಪಾಗಿ) ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟ್. ಕೊನೆಯ ಬೈಟಿನ ಒಂದು ಬಿಟ್ ತಿರುಗಿದರೆ ಅದು ‘ಗ’. ‘ಕಡಿ’ ಇದ್ದದ್ದು ‘ಗಡಿ’ ಆಗುತ್ತದೆ, ಕಾಗುಣಿತ ನೋಡುವ ತಂತ್ರಾಂಶಕ್ಕೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಡಿಸ್ಕಿನೊಳಗೇ ತಪ್ಪು ತಿದ್ದುವ ಏರ್ಪಾಡು ಇದೆಯಲ್ಲ ಎನ್ನಬಹುದು. ಇದೆ. ಆದರೆ ಮೆಮೊರಿಯಲ್ಲೋ ಡಿಸ್ಕು ನಡೆಸುವ ಕಂಟ್ರೋಲರಿನಲ್ಲೋ ಕೆಟ್ಟು ಬಂದದ್ದನ್ನು ಡಿಸ್ಕು ನಿಷ್ಠೆಯಿಂದ ಹಾಗೇ ಬರೆದಿಡುತ್ತದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ 15.3 ಲಕ್ಷ ಡಿಸ್ಕುಗಳ 41 ತಿಂಗಳ ದಾಖಲೆ ನೋಡಿತ್ತು. ಚೆಕ್‌ಸಮ್ ತಾಳೆಯಾಗದ ಪ್ರಕರಣ 4 ಲಕ್ಷಕ್ಕೂ ಹೆಚ್ಚು ಸಿಕ್ಕವು. ಅಲ್ಲಿ ಚೆಕ್‌ಸಮ್ ಇತ್ತು, ಆದ್ದರಿಂದ ಸಿಕ್ಕವು. ಇಲ್ಲದ ಕಡೆ ಎಷ್ಟು ಕೆಟ್ಟಿವೆ ಎಂದು ಹೇಳುವವರಾರು?

‘ಬ್ಯಾಕಪ್ ಇದೆ, ಸಾಕು’ ಎಂಬ ಉತ್ತರವಂತೂ ಕೇಳಿ ಕೇಳಿ ಬೇಸತ್ತಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು ಎರಡು ಡಿಸ್ಕುಗಳಲ್ಲಿದ್ದ ಮಾಪನದ ದಾಖಲೆಗಳನ್ನು ಒಂದು ಕಡೆ ಸೇರಿಸುತ್ತಿದ್ದರು. ಒಂದು ಫೈಲಿನಲ್ಲಿ ಹೆಸರು ಒಂದೇ, ಗಾತ್ರ ಒಂದೇ, ದಿನಾಂಕವೂ ಒಂದೇ; ಒಳಗಿನ ಒಂದು ಸಾಲು ಬೇರೆ. ಯಾವುದು ನಿಜ? ಎರಡೂ ನಂಬುವಂಥ ಅಂಕಿಗಳೇ. ಬರೆದ ದಿನ ಒಂದು ಚೆಕ್‌ಸಮ್ ಇಟ್ಟಿದ್ದರೆ ಕ್ಷಣದಲ್ಲಿ ತೀರ್ಮಾನವಾಗುತ್ತಿತ್ತು. ಕೊನೆಗೆ ಆ ಸಾಲನ್ನೇ ಕೈಬಿಡಬೇಕಾಯಿತು. ಎರಡು ಪ್ರತಿ ಇದ್ದೂ ಒಂದೂ ಉಳಿಯಲಿಲ್ಲ! ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು: ಪ್ರತಿಗಳು ಹೆಚ್ಚಿದಷ್ಟೂ ಯಾವುದು ಸರಿ ಎಂಬ ಪ್ರಶ್ನೆ ಹೆಚ್ಚುತ್ತದೆ, ಉತ್ತರ ಚೆಕ್‌ಸಮ್ ಹತ್ತಿರ ಮಾತ್ರ ಇರುತ್ತದೆ.

ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ನೋಡಿಕೊಳ್ಳುತ್ತದೆ ಎಂದು ಕೂರುವಂತಿಲ್ಲ. ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ಗಳು ಒಳಗಿನ ದತ್ತಾಂಶಕ್ಕೂ ಚೆಕ್‌ಸಮ್ ಇಡುತ್ತವೆ. ಎಕ್ಸ್‌ಟಿ4, ಎಪಿಎಫ್‌ಎಸ್‌ಗಳದ್ದು ಮೆಟಾಡೇಟಾಕ್ಕೆ, ಅಂದರೆ ಫೈಲಿನ ಹೆಸರು, ಜಾಗದಂಥ ವಿವರಗಳಿಗಷ್ಟೇ. ಪಿಎನ್‌ಜಿ, ಝಿಪ್‌ಗಳಲ್ಲಿ ಸಿಆರ್‌ಸಿ-32 ಎಂಬ ಚೆಕ್‌ಸಮ್ ಒಳಗೇ ಇರುತ್ತದೆ, ಫ್ಲ್ಯಾಕ್ ಧ್ವನಿ ಫೈಲಿನಲ್ಲಿ ಇಡೀ ಧ್ವನಿಯ ಎಂಡಿ5 ಚೆಕ್‌ಸಮ್ ಇರುತ್ತದೆ. ಜೆಪೆಗ್‌ಗೆ, ಸಾದಾ ಪಠ್ಯಕ್ಕೆ ಏನೂ ಇಲ್ಲ. ಆದ್ದರಿಂದ ಫೈಲು ಬರೆಯುವ ತಂತ್ರಾಂಶವೇ ಬರೆಯುತ್ತಿರುವಾಗಲೇ ಲೆಕ್ಕ ಹಾಕಿ ಪಕ್ಕದಲ್ಲಿ ಇಡಬೇಕು. ತಾಳೆ ನೋಡುವಾಗಲೂ ಒಂದು ಎಚ್ಚರ ಬೇಕು: ಬರೆದ ತಕ್ಷಣ ಓದಿದರೆ ಕಂಪ್ಯೂಟರು ಡಿಸ್ಕಿನಿಂದ ತಾರದೆ ಮೆಮೊರಿಯಲ್ಲಿ ಉಳಿದ ಪ್ರತಿಯನ್ನೇ ಕೊಟ್ಟುಬಿಡಬಹುದು. ಹೊರಗಿನ ಡಿಸ್ಕಾದರೆ ಕಳಚಿ, ಮತ್ತೆ ಜೋಡಿಸಿ ನೋಡಿ.

ಗ್ರಂಥಾಲಯಗಳು ಬಳಸುವ ಬ್ಯಾಗ್‌ಇಟ್ ಪದ್ಧತಿ 2018ರಲ್ಲಿ ಆರ್‌ಎಫ್‌ಸಿ 8493 ಎಂಬ ಅಂತರ್ಜಾಲ ತಾಂತ್ರಿಕ ದಾಖಲೆಯಾಗಿ ಪ್ರಕಟವಾಯಿತು. ಅದರ ತಿರುಳು ಇಷ್ಟೇ: ದತ್ತಾಂಶದ ಫೋಲ್ಡರಿನ ಪಕ್ಕದಲ್ಲಿ ಒಂದು ಪಟ್ಟಿ, ಎಸ್‌ಎಚ್‌ಎ-256 ಎಂಬ ಬಗೆಯ ಚೆಕ್‌ಸಮ್ ಬಳಸಿದರೆ ಪ್ರತಿ ಸಾಲಿನಲ್ಲಿ 64 ಅಕ್ಷರ-ಅಂಕಿಗಳು, ಮುಂದೆ ಫೈಲಿನ ಹೆಸರು. ಇಷ್ಟಕ್ಕೂ ಹೊತ್ತು ಹಿಡಿಯುತ್ತದೆ ಎಂದು ಗೊಣಗುವವರಿಗೆ ತಮ್ಮ ಫೈಲಿನ ಮೇಲೆ ಅಕ್ಕರೆಯೇ ಇಲ್ಲ.

ವಿರೋಧ: ತಾಳೆ ನೋಡುವವರು ಯಾರು?

ಈ ಪಕ್ಷ ಹಿಡಿದು ಬರೆಯಿರಿ ಎಂದಾಗ ನಾನು ಒಪ್ಪಿದ್ದು ಅರೆಮನಸ್ಸಿನಿಂದ. ದೊಡ್ಡ ಸಂಗ್ರಹಗಳಿಗೆ ಚೆಕ್‌ಸಮ್ ಬೇಡ ಎಂದು ನಾನು ಹೇಳಲಾರೆ. ‘ಪ್ರತಿ ಫೈಲಿಗೂ’ ಎನ್ನುವುದಕ್ಕೆ ನನ್ನ ತಕರಾರು. ಲಕ್ಷಾಂತರ ಡಿಸ್ಕುಗಳ ಅಂಕಿಸಂಖ್ಯೆ ಲಕ್ಷಾಂತರ ಡಿಸ್ಕು ಇರುವವರಿಗೆ ಸರಿ. ಒಂದೆರಡು ಡಿಸ್ಕು ಇಟ್ಟುಕೊಂಡವರ ಚಿಂತೆ ಬೇರೆ.

ನಾನು ಕೆಲಸ ಮಾಡುತ್ತಿದ್ದ ಕಡೆ ಧ್ವನಿಮುದ್ರಣಗಳ ಸಂಗ್ರಹವಿತ್ತು, ಎಲ್ಲ ಎಂಪಿ3. ಎಲ್ಲಕ್ಕೂ ಚೆಕ್‌ಸಮ್ ಪಟ್ಟಿ ಮಾಡಿದ್ದರು, ವಾರಕ್ಕೊಮ್ಮೆ ತಾಳೆಯೂ ನಡೆಯುತ್ತಿತ್ತು. ಆದರೆ ಫೈಲಿನೊಳಗಿನ ಟ್ಯಾಗಿನಲ್ಲಿ ಮಾತಾಡಿದವರ ಹೆಸರು, ಊರು ತಿದ್ದುವ ಕೆಲಸವೂ ಜೊತೆಗೇ ಸಾಗಿತ್ತು. ಹೆಸರಿನ ಒಂದು ಕೊಂಬು ತಿದ್ದಿದರೂ ಸಾಕು, ಧ್ವನಿ ಹಾಗೇ ಇದ್ದರೂ ಚೆಕ್‌ಸಮ್ ಪೂರ್ತಿ ಬೇರೆ. ವರದಿ ತೆರೆದರೆ ಪುಟಗಟ್ಟಲೆ ‘ಫೇಲ್ಡ್’. ಮೊದಮೊದಲು ಒಂದೊಂದನ್ನೂ ಹಾಕಿ ಕೇಳಿದರು. ಆಮೇಲೆ ಯಾರೋ ಸುಲಭದ ದಾರಿ ಕಂಡುಕೊಂಡರು: ತಾಳೆ ತಪ್ಪಿದರೆ ಪಟ್ಟಿಯನ್ನೇ ಹೊಸದಾಗಿ ಮಾಡುವುದು. ವರದಿ ಮತ್ತೆ ಶುದ್ಧವಾಯಿತು. ಬಹಳ ದಿನಗಳ ನಂತರ ಒಬ್ಬ ಅಜ್ಜಿಯ ಸಂದರ್ಶನದ ನಡುವೆ ಗರಗರ ಸದ್ದು ಕೇಳಿಸಿದಾಗ ಪಟ್ಟಿ ನೋಡಿದೆವು. ಆ ಫೈಲಿನ ಮುಂದೆ ‘ಓಕೆ’ ಎಂದೇ ಇತ್ತು. ಕೆಟ್ಟ ಫೈಲಿಗೇ ಹೊಸ ಚೆಕ್‌ಸಮ್ ಬಿದ್ದಿತ್ತು. ಆ ಅಜ್ಜಿಯ ಮಾತು ನಮಗೆ ಮರಳಿ ಸಿಕ್ಕಿದ್ದು ಮುದ್ರಿಸಿಕೊಂಡ ಯಂತ್ರದ ಕಾರ್ಡಿನಿಂದ, ಯಾರೂ ಅದನ್ನು ಅಳಿಸಿರಲಿಲ್ಲವಾದ್ದರಿಂದ. ಆವತ್ತು ಅದನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳಿದೆ.

ಕೆಟ್ಟದ್ದನ್ನು ಚೆಕ್‌ಸಮ್ ಸರಿಮಾಡುವುದೂ ಇಲ್ಲ. ಅದಕ್ಕೆ ಇನ್ನೊಂದು ಪ್ರತಿ ಬೇಕು, ಇಲ್ಲವೇ ಪಾರ್2 ಥರದ ದುರಸ್ತಿ ಫೈಲು ಬೇಕು. ಹುಟ್ಟುವಾಗಲೇ ತಪ್ಪಾದ ಫೈಲಿನ ಎದುರು ಅದು ಏನೂ ಮಾಡಲಾರದು. 2013ರಲ್ಲಿ ಕೆಲವು ಝೆರಾಕ್ಸ್ ಯಂತ್ರಗಳು ಸ್ಕ್ಯಾನ್ ಮಾಡುವಾಗ 6 ಇದ್ದಲ್ಲಿ 8 ಕೂರಿಸುತ್ತಿದ್ದದ್ದು ಬೆಳಕಿಗೆ ಬಂತು. ಕಟ್ಟಡದ ನಕ್ಷೆಯಲ್ಲಿ ಕೋಣೆಗಳ ಅಳತೆಯೇ ಬದಲಾಗಿತ್ತು. ಆ ಫೈಲುಗಳಿಗೆ ಚೆಕ್‌ಸಮ್ ಇಟ್ಟಿದ್ದರೆ ತಪ್ಪು ಅಳತೆಯೇ ಭದ್ರವಾಗಿ ಉಳಿಯುತ್ತಿತ್ತು. ಚೆಕ್‌ಸಮ್‌ಗೆ ಕೊಡುವ ಹೊತ್ತಿನಲ್ಲಿ ಅರ್ಧದಷ್ಟಾದರೂ ಫೈಲು ತೆರೆದು, ಮೂಲದ ಪಕ್ಕ ಇಟ್ಟು ಓದುವುದಕ್ಕೆ ಕೊಡಿ ಎನ್ನುವುದಷ್ಟೇ ನನ್ನ ಕೋರಿಕೆ.