ಉಪ್ಪಿನಕಾಯಿ ಬಿಡಿ ಅಂದರು, ಅಷ್ಟೇ

ಹದಿನೈದು ದಿನದಿಂದ ಒಳಗೇ ಕುದೀತಾ ಇದ್ದೇನೆ. ಇಲ್ಲಾದರೂ ಕಕ್ಕಿಬಿಡುತ್ತೇನೆ.

ಅಣ್ಣನನ್ನು ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದೆವು. ವಯಸ್ಸು 44. ಕುಡಿದು ಕುಡಿದು ಕಣ್ಣು ಅರಿಶಿನದ ಬಣ್ಣ, ಹೊಟ್ಟೆಯಲ್ಲಿ ನೀರು. ಎರಡನೇ ರಾತ್ರಿ, ಕುಡಿಯೋಕೆ ಸಿಗದೆ, ಕೈಕಾಲು ನಡುಗಿ, ಗೋಡೆ ಮೇಲೆ ಹುಳ ಹರೀತಿದೆ ಅಂತ ಕೂಗಾಡಿದ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಫೈಲ್ ನೋಡಿ ಅತ್ತಿಗೆ ಕಡೆ ತಿರುಗಿದರು. "ಇಷ್ಟು ವರ್ಷ ಏನಮ್ಮ ಮಾಡ್ತಿದ್ರಿ? ಮೊದಲೇ ಕರ್ಕೊಂಡು ಬರೋಕೆ ಆಗಲಿಲ್ವಾ?"

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ನನಗೆ ಮೈಯೆಲ್ಲ ಉರಿದು ಹೋಯಿತು.

ಕರ್ಕೊಂಡು ಬಂದಿದ್ದೆವು ಸಾರ್. ಆರು ವರ್ಷ ಕರ್ಕೊಂಡು ಬಂದಿದ್ದೆವು.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಬಿಪಿ ಕಾರ್ಡ್ ಮಡಚಿ ಮಡಚಿ ನಾಲ್ಕು ತುಂಡಾಗಿದೆ. ಅದರ ತುಂಬಾ 150, 160 ಅಂತಲೇ ಇದೆ. ಬಿಪಿ ಇಳಿಯಲಿಲ್ಲ, ಮಾತ್ರೆ ಬದಲಾಯಿಸಿದರು. ಎದೆ ಉರಿ ಅಂದರೆ ಗ್ಯಾಸ್ಟ್ರಿಕ್ ಮಾತ್ರೆ. ನಿದ್ದೆ ಬರಲ್ಲ ಅಂದರೆ "ಟೆನ್ಶನ್ ಮಾಡ್ಕೋಬೇಡಿ". ರಾತ್ರಿ ಬೈಕಿಂದ ಬಿದ್ದು ಮಂಡಿ ಒಡೆದುಕೊಂಡಾಗ ಟಿಟಿ ಇಂಜೆಕ್ಷನ್. ಇಷ್ಟು ಮಾತ್ರೆ ನುಂಗಿದರೂ ಬಿಪಿ ಯಾಕೆ ಇಳೀತಿಲ್ಲ ಅಂತ ನಾನೇ ಕೇಳಿದೆ. "ಉಪ್ಪು ಕಮ್ಮಿ ಮಾಡಿ, ಉಪ್ಪಿನಕಾಯಿ ಪೂರ್ತಿ ಬಿಡಿ" ಅಂದರು. ಅಣ್ಣ ಉಪ್ಪಿನಕಾಯಿ ನೆಕ್ಕೋದು ಯಾವುದರ ಜೊತೆ ಅಂತ ಕೇಳಲೇ ಇಲ್ಲ! ಕುಡಿತದಿಂದ ಬಿಪಿ ಏರುತ್ತೆ ಅನ್ನೋದು ಡಾಕ್ಟರಿಗೆ ಗೊತ್ತಿಲ್ಲದ ಗುಟ್ಟಾ?

ನೀವೇ ಹೇಳಬಾರದಿತ್ತಾ ಅಂತ ಕೆಲವರು ಕೇಳುತ್ತಾರೆ. ಅತ್ತಿಗೆ ಒಂದು ಸಲ ಮೆಲ್ಲಗೆ ಹೇಳಿದ್ದರು. ಡಾಕ್ಟರು ಹಿಂದಿನ ಕ್ಯೂ ಪೂರ್ತಿ ಕೇಳೋ ಹಾಗೆ "ಏನಪ್ಪಾ, ಎಣ್ಣೆ ಹಾಕ್ತೀಯಾ? ಸಾಯ್ತೀಯ ನೋಡು" ಅಂದರು. ಎಲ್ಲರೂ ನಕ್ಕರು. ಅಣ್ಣ ಮೂರು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಬಿಪಿ ಮಾತ್ರೆಯೂ ಹೋಯಿತು. ಇದಕ್ಕೆ ಬುದ್ಧಿ ಹೇಳೋದು ಅಂತಾರಾ?

ಇನ್ನು ಆಶಾ ಕಾರ್ಯಕರ್ತೆ ತುಂಬುವ ಫಾರಂ ಕಥೆ. ಬಿಪಿ, ಶುಗರ್ ಅಪಾಯ ಯಾರಿಗಿದೆ ಅಂತ ಮನೆ ಮನೆಗೆ ಬಂದು 30 ದಾಟಿದವರ ಲೆಕ್ಕ ಬರೆದುಕೊಳ್ಳುತ್ತಾರಲ್ಲ, ಅದು. ಸೊಂಟದ ಅಳತೆಗೂ ಅದರಲ್ಲಿ ಮೂರು ಮಟ್ಟ ಇದೆ. ಕುಡಿತಕ್ಕೆ ಒಂದೇ ಪ್ರಶ್ನೆ: ದಿನಾ ಕುಡೀತೀರಾ? ಹೌದು ಅಂದರೆ 1, ಇಲ್ಲ ಅಂದರೆ 0. ಅದನ್ನೂ ಜಗಲಿ ಮೇಲೆ, ಅಮ್ಮ, ಅತ್ತಿಗೆ, ಪಕ್ಕದ ಮನೆಯವರ ಮುಂದೆ ಕೇಳಿದ್ದು. "ದಿನಾ ಎಲ್ಲಿ ಅಕ್ಕಾ, ಸಂತೆ ದಿನ ಸ್ವಲ್ಪ" ಅಂದ ಅಣ್ಣ. ಸೊನ್ನೆ ಬಿತ್ತು. ದಿನಾ ಇಲ್ಲ ಅಂದದ್ದು ಸುಳ್ಳೂ ಅಲ್ಲ. ಆಗ ಕುಡೀತಿದ್ದದ್ದು ವಾರಕ್ಕೆ ಮೂರೇ ದಿನ. ಕೂತರೆ ಒಂದು ಕ್ವಾರ್ಟರ್. ಆಶಾ ಅಕ್ಕನನ್ನು ಬೈಯಲ್ಲ, ಪಾಪ, ಅವರು ಕಾಗದದಲ್ಲಿ ಇದ್ದದ್ದನ್ನು ಕೇಳಿದರು.

ವಾರ್ಡಿನ ಹೊರಗೆ ಕೂತಿದ್ದಾಗ ಅತ್ತಿಗೆಯ ಅಕ್ಕನ ಮಗಳು ಮೊಬೈಲಲ್ಲಿ ಒಂದು ಪ್ರಶ್ನೆಪಟ್ಟಿ ತೋರಿಸಿದಳು. ನರ್ಸಿಂಗ್ ಓದುತ್ತಾಳೆ. ಆಡಿಟ್ ಅಂತ ಅದರ ಹೆಸರು. (ಲೆಕ್ಕಪತ್ರದವರದ್ದಲ್ಲ.) ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ್ದು, ಪ್ರಾಥಮಿಕ ಆಸ್ಪತ್ರೆಗಳಿಗೆ ಅಂತಲೇ. ಬಂದು ಮೂವತ್ತು ವರ್ಷದ ಮೇಲಾಯಿತು. ಹತ್ತು ಪ್ರಶ್ನೆ, ಒಟ್ಟು 40 ಅಂಕ. ಎಷ್ಟು ಸಲ ಕುಡೀತೀರಿ, ಕೂತರೆ ಎಷ್ಟು, ಒಂದೇ ಸಲಕ್ಕೆ ಆರು ಡ್ರಿಂಕ್ ಅಥವಾ ಜಾಸ್ತಿ ಆಗೋದು ಎಷ್ಟು ಸಲ, ಇವು ಮೊದಲ ಮೂರು. 30 ಎಂಎಲ್ ವಿಸ್ಕಿ ಅಂದರೆ ಒಂದು ಡ್ರಿಂಕ್. ಕ್ವಾರ್ಟರ್ ಅಂದರೆ 180. ಸರಿಯಾಗಿ ಆರು! ಅಲ್ಲೇ ಬೆರಳು ಮಡಚಿ ಅಣ್ಣನ ಆಗಿನ ಲೆಕ್ಕ ಹಾಕಿದೆ. ಆ ಮೂರಕ್ಕೆ ಅಂಕ 3, 2, 3. ಮೂರೇ ಪ್ರಶ್ನೆಗೆ 8. ಹತ್ತೂ ಪ್ರಶ್ನೆ ಸೇರಿ 8 ಬಂದರೂ ಸಾಕು, ಎಚ್ಚರಿಸಬೇಕು ಅಂತಿದೆ ಅದರಲ್ಲಿ. ನಮ್ಮ ಫಾರಂನಲ್ಲಿ ಸೊನ್ನೆ, ಅಲ್ಲಿ 8. ಅದೇ ಮನುಷ್ಯ, ಅದೇ ಕ್ವಾರ್ಟರ್.

8 ಬಂದವರನ್ನು ಏನು ಮಾಡಬೇಕು ಗೊತ್ತಾ? ಅಡ್ಮಿಟ್ ಮಾಡಬೇಕಾಗಿಲ್ಲ. ಬೈಯೋದಂತೂ ಬೇಡ. ಐದು ಹತ್ತು ನಿಮಿಷ ಕೂರಿಸಿಕೊಂಡು, ನಿಮ್ಮ ಅಂಕ ಇಷ್ಟು, ನಿಮ್ಮ ಬಿಪಿಗೂ ಇದಕ್ಕೂ ಸಂಬಂಧ ಇದೆ, ಎಷ್ಟು ಕಮ್ಮಿ ಮಾಡ್ತೀರಿ ನೀವೇ ಹೇಳಿ, ಮುಂದಿನ ತಿಂಗಳು ನೋಡೋಣ ಅಂತ ಮಾತಾಡಬೇಕು. ತರಬೇತಿ ಕೊಟ್ಟರೆ ನರ್ಸ್ ಕೂಡ ಮಾಡಬಹುದು. ಡಾಕ್ಟರ ಬಾಗಿಲಲ್ಲಿ ನೂರು ಜನ ಇರುತ್ತಾರೆ, ನಿಜ. ಆದರೆ ಆರು ವರ್ಷದಲ್ಲಿ ಹತ್ತು ನಿಮಿಷ ಸಿಗಲಿಲ್ವಾ? ಅಷ್ಟರಲ್ಲಿ ಮೂರು ದಿನ ಐದಾಯಿತು, ಐದು ಏಳಾಯಿತು. ಆಮೇಲೆ ಬೆಳಿಗ್ಗೆ ಕೈ ನಡುಗಿದರೆ ಒಂದು ನೈಂಟಿ. ಅಲ್ಲಿಗೆ ಹತ್ತು ನಿಮಿಷದ ಮಾತಿನ ಕಾಲ ಮುಗಿದಿತ್ತು.

ಅಬಕಾರಿಗೆ ಮಾತ್ರ ಲೆಕ್ಕ ಸರಿಯಾಗಿದೆ. 2025-26ರ ಬಜೆಟ್‌ನಲ್ಲಿ ಗುರಿ 40,000 ಕೋಟಿ ರೂಪಾಯಿ. ಆ ದುಡ್ಡಲ್ಲಿ ಇನ್ನೊಂದು ಸಾಲಿನ ಪ್ರಶ್ನೆ ಅಚ್ಚು ಹಾಕಿಸೋಕೆ ಆಗಲ್ವಾ?

ಅಣ್ಣ ಮನೆಗೆ ಬಂದಿದ್ದಾನೆ. ಸೋಮವಾರ ಅದೇ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋದೆ. ಹೊಸ ಕಾರ್ಡ್ ಕೊಟ್ಟರು. ಬಿಪಿ ಬರೆದರು, ತೂಕ ಬರೆದರು. ಡಿಸ್ಚಾರ್ಜ್ ಚೀಟಿ ತೋರಿಸಿ, ಇವನು ಕುಡಿತ ಬಿಟ್ಟು ಎರಡು ವಾರ ಆಯಿತು, ಅದನ್ನೂ ಬರೀರಿ, ಪ್ರತಿ ಸಲ ಕೇಳಿ ಅಂದೆ. ಸಿಸ್ಟರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅದಕ್ಕೆ ಇದರಲ್ಲಿ ಕಾಲಂ ಇಲ್ವಲ್ಲಮ್ಮ."