ಹುಂಜ ಕಟ್ಟಿಹಾಕಿ, ಬೆಳಗಾಗಲ್ಲ

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗುತ್ತಿದೆ ಎಂದು ಜಗತ್ತೆಲ್ಲ ತಲೆ ಕೆಡಿಸಿಕೊಂಡಿದ್ದಾಗ, ಅಮೆರಿಕ ಸರ್ಕಾರ 2025ರಲ್ಲಿ ಭಾರೀ ಅಗ್ಗದ ಪರಿಹಾರ ಹುಡುಕಿತು. ಗಿಡ ನೆಡಬೇಕಿಲ್ಲ, ಕಲ್ಲಿದ್ದಲು ಬಿಡಬೇಕಿಲ್ಲ. ಅಳೆಯುವುದನ್ನು ನಿಲ್ಲಿಸಿದರೆ ಸಾಕು! ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗೇ ಆಗಲ್ಲ ಅಂದುಕೊಂಡಿದ್ದ ನಮ್ಮ ಅಜ್ಜಿಗೆ ಶ್ವೇತಭವನದಲ್ಲಿ ಸಲಹೆಗಾರರ ಹುದ್ದೆ ಗ್ಯಾರಂಟಿ.

ಕೂಗುತ್ತಿರುವ ಹುಂಜ, ಅಂದರೆ ಈ ಅನಿಲ ಅಳೆಯುವ ಕೇಂದ್ರ, ಇರುವುದು ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ, ಸುಮಾರು 3,400 ಮೀಟರ್ ಎತ್ತರದಲ್ಲಿ. 1958ರ ಮಾರ್ಚ್‌ನಲ್ಲಿ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಅಲ್ಲಿ ಅಳತೆ ಶುರುಮಾಡಿದಾಗ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಸುಮಾರು 313 ಪಾಲು. 2025ರ ಮೇ ತಿಂಗಳ ಸರಾಸರಿ 430 ದಾಟಿತು. ಇಂಥ ಅಪಶಕುನ ಯಾರಿಗೆ ಬೇಕು? ಅಮೆರಿಕದ ಬಜೆಟ್ ಪ್ರಸ್ತಾವದಲ್ಲಿ ಈ ಅಳತೆ ಕೇಂದ್ರಕ್ಕೆ ಬೀಗ ಹಾಕುವ ಮಾತು ಬಂತು.

ಈ ಜಾಣತನ ಹೊಸದೇನಲ್ಲ. ದಿನಾ ಅದನ್ನೇ ಅಳೆಯುವುದರಲ್ಲಿ ಸಂಶೋಧನೆ ಏನಿದೆ ಎಂದು ಹಣ ಕೊಡುವ ಅಧಿಕಾರಿಗಳು ಕೀಲಿಂಗ್ ಅವರನ್ನು ಹಿಂದೆಯೇ ಕಾಡಿದ್ದರು. ನ್ಯಾಯವೇ ಅಲ್ವಾ? ಹೋದ ವರ್ಷ ಆಡಿಟ್ ಆಗಿದೆ ಅಂದಮೇಲೆ ಈ ವರ್ಷ ಸುಮ್ನೆ ಯಾಕೆ ಲೆಕ್ಕ ನೋಡಬೇಕು?

1964ರಲ್ಲಿ ಒಂದು ಪ್ರಯೋಗವೂ ನಡೆದಿದೆ. ಹಣ ಕಡಿತವಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಳತೆ ನಿಂತಿತು. ಮೂರು ತಿಂಗಳು ಭೂಮಿಯ ಮೇಲೆ ಒಂದು ಕಣವೂ ಏರಿದ ದಾಖಲೆ ಇಲ್ಲ! ಮೇನಲ್ಲಿ ಯಾರೋ ಉಪಕರಣ ಚಾಲೂ ಮಾಡಿ ಎಲ್ಲ ಹಾಳು ಮಾಡಿದರು.

2022ರ ನವೆಂಬರ್‌ನಲ್ಲಿ ಪರ್ವತವೇ ಸರ್ಕಾರದ ಪರವಾಗಿ ಕೈಹಾಕಿತು. ಲಾವಾ ಹರಿದು ರಸ್ತೆ, ವಿದ್ಯುತ್ ಎರಡೂ ಕಡಿದುಹೋದವು. ವಿಜ್ಞಾನಿಗಳು ಕೇಳಬೇಕಲ್ಲ, ಪಕ್ಕದ ಮೌನಾ ಕಿಯಾ ಹತ್ತಿ ಅಲ್ಲಿಂದ ಅಳೆದರು. ಜ್ವಾಲಾಮುಖಿಗೆ ಕಡತ ವಿಲೇವಾರಿ ಬರಲ್ಲ ನೋಡಿ, ಅದೇ ತೊಂದರೆ.

ಆಕಾಶದಲ್ಲೂ ಒಂದು ಹುಂಜ ಇದೆ. 2014ರಲ್ಲಿ ನಾಸಾ ಹಾರಿಸಿದ ಒಸಿಒ-2 ಉಪಗ್ರಹ ಇದೇ ಅನಿಲದ ಲೆಕ್ಕ ಇಡುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಅದಕ್ಕೇ ಇರಬೇಕು, ಅದನ್ನು ಮುಗಿಸುವ ಯೋಜನೆ ತಯಾರಿಸಿ ಎಂದು 2025ರಲ್ಲಿ ನಾಸಾ ಸಿಬ್ಬಂದಿಗೆ ಸೂಚನೆ ಹೋಯಿತು. ಹಾಗೇನಾದರೂ ಆದರೆ ಅದು ವಾತಾವರಣಕ್ಕೆ ಬಿದ್ದು ಸುಟ್ಟುಹೋಗುತ್ತದೆ. ಎಷ್ಟು ಹೊಗೆ ಬಂತು ಅಂತ ಯಾರಾದರೂ ಕೇಳಿದರೆ, ಸೊನ್ನೆ ಎಂದು ಧೈರ್ಯವಾಗಿ ಬರೆದುಕೊಡಬಹುದು.